ನಾವು ಮಾಡಿದ ಮಣ್ಣಿನ ಪರೀಕ್ಷೆ

ನಾವು ಧಾರವಾಡದಲ್ಲಿ ಬಿ.ಎಸ್‌ಸಿ. ಮುಗಿಸಿ, ಪುಣೆಯ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾದವರು. ಕಲಿತ ವಿಜ್ಞಾನ ಕಡತಗಳ ಧೂಳಿನಲ್ಲಿ ಹೂತುಹೋದರೂ ಅಂಕಿಗಳ ಮೇಲಿನ ಭಕ್ತಿ ಉಳಿದಿತ್ತು. ಅದಕ್ಕೇ ಹೋದ ವರ್ಷ ನಮ್ಮ ಸೊಸೈಟಿಯಲ್ಲಿ ಒಳಚರಂಡಿ ಕೊಳವೆ ಹಾಕಿಸಿದಾಗ ಮೇಲ್ವಿಚಾರಣೆ ನಮ್ಮ ಕೊರಳಿಗೆ ಬಿತ್ತು.

ಕೊಳವೆಯ ಮೇಲಿನ ಮಣ್ಣು ಸಡಿಲವಾಗಿದ್ದರೆ ಮಳೆಗಾಲದಲ್ಲಿ ಕುಸಿಯುತ್ತದೆ. ಪುಣೆಯ ಹಿರಿಯರಿಗೆ ಇದನ್ನು ಹೇಳಿಕೊಡಬೇಕಿಲ್ಲ. 1961ರ ಜುಲೈ 12ರಂದು ಪಾನ್‌ಶೇತ್‌ನ ಹೊಸ ಮಣ್ಣಿನ ಅಣೆಕಟ್ಟು ಒಡೆದು ಊರಿಗೆ ನೀರು ನುಗ್ಗಿತಲ್ಲ, ಅಲ್ಲಿಯೂ ಮೊದಲು ಕುಸಿದದ್ದು ನೀರು ಬಿಡುವ ಕೊಳವೆಯ ಮೇಲಿನ ಮಣ್ಣೇ. ಆದ್ದರಿಂದ ಪ್ರಯೋಗಾಲಯದ ಗರಿಷ್ಠ ಸಾಂದ್ರತೆಯ ನೂರಕ್ಕೆ 95ರಷ್ಟಾದರೂ ಮಣ್ಣು ಗಟ್ಟಿಯಾಗಬೇಕೆಂದು ಕರಾರಿನಲ್ಲಿ ಬರೆಸಿದೆವು.

ಪರೀಕ್ಷೆ ಸರಳವೇ. ಕುಟ್ಟಿದ ಮಣ್ಣಿನಲ್ಲಿ ಸುಮಾರು 15 ಸೆಂಟಿಮೀಟರ್ ಆಳದ ಕುಳಿ ತೋಡಿ, ತೆಗೆದ ಮಣ್ಣನ್ನು ತೂಗಬೇಕು. ಕುಳಿಗೆ ಒಣ ಮರಳು ಸುರಿದು, ಹಿಡಿದ ಮರಳಿನ ತೂಕದಿಂದ ಕುಳಿಯ ಗಾತ್ರ ಕಂಡುಹಿಡಿಯಬೇಕು. ತೇವದ ಲೆಕ್ಕ ಕಳೆದರೆ ಒಣ ಸಾಂದ್ರತೆ ಸಿಕ್ಕಿತು. ನಮಗೆ ಸಿಕ್ಕದ್ದು 89.

“ಮೈಗಳ್ಳರು! ಕೂಲಿ ಹಿಡಿಯಿರಿ” ಎಂದು ಗುತ್ತಿಗೆದಾರನಿಗೆ ಹೇಳಿಬಿಟ್ಟೆವು. ಮಣ್ಣು ಕುಟ್ಟಿದವರು ಕಲಬುರಗಿ ಕಡೆಯಿಂದ ದುಡಿಯಲು ಬಂದ ನಮ್ಮ ಕನ್ನಡದವರೇ. ಅವರಲ್ಲೊಬ್ಬ ಹಿರಿಯ, “ಸಾಹೇಬ್ರ, ಇನ್ನೊಮ್ಮೆ ನೋಡ್ರಿ. ನಾವು ಕುಟ್ಟಿದ್ದು ಕುಸಿಯಂಗಿಲ್ರಿ” ಎಂದ. ನಾವು ಕಿವಿಗೆ ಹಾಕಿಕೊಳ್ಳಲಿಲ್ಲ.

ರಾತ್ರಿ ಮಲಗಿದಾಗ ಹೊಳೆಯಿತು. ಎರಡಡಿ ಅಗಲದ ಆ ಇಕ್ಕಟ್ಟು ಕಂದಕದಲ್ಲಿ ನಾವು ಮರಳು ಸುರಿಯುವಾಗ ನಾಲ್ಕು ಹೆಜ್ಜೆ ಆಚೆಗೆ ಕುಟ್ಟುವ ಯಂತ್ರ ದಡದಡಿಸುತ್ತಿತ್ತು! ಸೇರನ್ನು ಅಲುಗಿಸಿ ಅಳೆದರೆ ಜೋಳ ಹೆಚ್ಚು ಹಿಡಿಯುವುದಿಲ್ಲವೇ? ಹಾಗೆಯೇ ಕುಳಿಗೆ ಮರಳು ಹೆಚ್ಚು ಹಿಡಿದಿತ್ತು. ಕುಳಿ ದೊಡ್ಡದೆಂದು ಲೆಕ್ಕವಾಗಿ, ಗಟ್ಟಿ ಮಣ್ಣು ಸಡಿಲವೆನಿಸಿತ್ತು. ವಿಕಿರಣದಿಂದ ಅಳೆಯುವ ಹೊಸ ಯಂತ್ರವೂ ಕಂದಕದಲ್ಲಿ ಎಡವುವುದುಂಟು. ಅಕ್ಕಪಕ್ಕದ ಗೋಡೆಯ ತೇವವನ್ನೂ ಸೇರಿಸಿಕೊಂಡು ಮಣ್ಣು ಹಗುರವೆನ್ನುತ್ತದೆ. ಅಲ್ಲಿಗೆಂದೇ ತಿದ್ದುಪಡಿ ಮಾಡಿಕೊಳ್ಳಬೇಕು.

ಮರುದಿನ ಯಂತ್ರ ನಿಲ್ಲಿಸಿ, ಪಕ್ಕದಲ್ಲೇ ಹೊಸ ಕುಳಿ ತೋಡಿಸಿ ಅಳೆದೆವು. 96!

ಅಷ್ಟರಲ್ಲಿ ಆ ತಂಡ ಹಿಂಜವಡಿಯ ಬೇರೆ ಕೆಲಸಕ್ಕೆ ಹೋಗಿತ್ತು. ಭಾನುವಾರ ಹುಡುಕಿಕೊಂಡು ಹೋಗಿ, ಹಿಡಿಸಿದ್ದ ಕೂಲಿಯನ್ನು ಕೈಯಾರೆ ಕೊಟ್ಟೆವು. ಹಿರಿಯ ಎಣಿಸದೆ ಜೇಬಿಗಿಟ್ಟು, “ಅಳತಿ ಎಲ್ಲಿ ತಪ್ಪಿತ್ರಿ?” ಎಂದು ಕೇಳಿದ.

“ನಮ್ಮಲ್ಲೇ, ಯಜಮಾನ್ರೇ” ಎಂದೆವು. ಕೂಲಿಯನ್ನು ಹಿಂದಿರುಗಿಸಿದೆವು, ನಿಜ. ‘ಮೈಗಳ್ಳರು’ ಎಂದು ಆಡಿದ ಮಾತನ್ನು ಹಿಂದೆಗೆದುಕೊಳ್ಳಲು ಯಾವ ತಿದ್ದುಪಡಿಯೂ ಇಲ್ಲವಲ್ಲ!