ಬಿಸಿ ಬೇಡದ ಊರಿನಲ್ಲಿ

ಅಪ್ಪನ ಹಳೆಯ ಪೆಟ್ರೋಲ್ ಕಾರು ಅವರ ಜೊತೆಗೇ ಬೆಳಗಾವಿಯಿಂದ ಅಂಬರನಾಥಕ್ಕೆ ಬಂತು. ಊರಲ್ಲಿಲ್ಲದ ಕಾಯಿಲೆ ಇಲ್ಲಿ ಶುರುವಾಯಿತು. ಕಲ್ಯಾಣ–ಬದಲಾಪುರ ರಸ್ತೆಯ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ತೆವಳಿ, ಐದು ನಿಮಿಷ ನಿಲ್ಲಿಸಿದರೆ ಸಾಕು, ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಅಪ್ಪನಿಗೆ ಎಪ್ಪತ್ತಾರು, ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಬೇಕು. ಬೇರೆ ಗಾಡಿ ಹತ್ತಲು ಅವರು ತಯಾರಿಲ್ಲ.

ಕಾರಣ ಬಾನೆಟ್ ಎತ್ತಿದರೆ ಕಾಣುತ್ತದೆ. ಕಾರ್ಬ್ಯುರೇಟರಿನ ಕೆಳಗೆ ಒಂದು ಲೋಹದ ಸ್ಪೇಸರ್. ಅದರೊಳಗೆ ಎಂಜಿನ್ನಿನ ಬಿಸಿ ಕೂಲಂಟ್ ಹರಿಯುತ್ತದೆ. 1960ರ ದಶಕದ ಫೋರ್ಡ್ ಮಸ್ಟ್ಯಾಂಗ್‌ನಲ್ಲೂ ಇಂಥದ್ದಿತ್ತು. ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖ ಹೀರುತ್ತದೆ. ಗಾಳಿಯಲ್ಲಿ ತೇವವಿದ್ದರೆ, ಹೊರಗೆ ಹತ್ತು ಡಿಗ್ರಿ ಇದ್ದರೂ ಕಾರ್ಬ್ಯುರೇಟರಿನ ಕಂಠದಲ್ಲಿ ಮಂಜುಗಡ್ಡೆ ಕಟ್ಟಬಹುದು. ಅದನ್ನು ತಡೆಯಲು ಈ ಏರ್ಪಾಡು. ಆದರೆ ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಇಲ್ಲಿನ ಮೇ ತಿಂಗಳಲ್ಲಿ ಎಂಜಿನ್ ನಿಲ್ಲಿಸಿದ ಮೇಲೆ ಶಾಖ ಮೇಲೇರಿ, ಫ್ಲೋಟ್ ಚೇಂಬರಿನ ಪೆಟ್ರೋಲ್ ಉಕ್ಕಿ ಮ್ಯಾನಿಫೋಲ್ಡಿಗೆ ಇಳಿಯುತ್ತದೆ.

ಮೆಕ್ಯಾನಿಕ್ ಎರಡೂ ಹೋಸ್ ಪೈಪಿಗೆ ಬಿರಡೆ ಹಾಕೋಣ ಎಂದ. ನಾನು ಒಪ್ಪಲಿಲ್ಲ. ನಮ್ಮ ಗಾಡಿಯಲ್ಲಿ ಸ್ಪೇಸರ್ ದಾಟಿದ ನೀರೇ ಹೀಟರಿಗೆ ಹೋಗಿ ವಾಟರ್ ಪಂಪಿಗೆ ಮರಳುತ್ತದೆ. ಆ ದಾರಿ ಮುಚ್ಚಬಾರದು. ಎಂಜಿನ್ ಪೂರ್ತಿ ತಣಿದ ಮೇಲೆ ಕೂಲಂಟ್ ಇಳಿಸಿ, ಎರಡೂ ಪೈಪುಗಳನ್ನು ಅದೇ ಅಳತೆಯ ಹಿತ್ತಾಳೆ ಜಾಯಿಂಟಿನಿಂದ ಸೇರಿಸಿ ಕ್ಲಿಪ್ ಬಿಗಿದೆವು. ಲೋಹದ ಸ್ಪೇಸರಿನ ಜಾಗದಲ್ಲಿ ಅಷ್ಟೇ ದಪ್ಪದ ಬೇಕೆಲೈಟ್ ಸ್ಪೇಸರ್, ಹೊಸ ಗ್ಯಾಸ್ಕೆಟ್. ಕೂಲಂಟ್ ತುಂಬಿ ಗಾಳಿ ತೆಗೆದು, ಸೋರಿಕೆ ನೋಡಿದೆವು. ಆಟೋಮ್ಯಾಟಿಕ್ ಚೋಕ್ ಇದೇ ನೀರಿನಿಂದ ಬಿಸಿಯಾಗುವ ಗಾಡಿಗಳಲ್ಲಿ ಚೋಕಿನ ಪೈಪನ್ನು ಹಾಗೇ ಬಿಡಬೇಕು. ನಮ್ಮದು ಕೈಯಿಂದ ಎಳೆಯುವ ಚೋಕ್.

ಸ್ಟೂಲಿನ ಮೇಲೆ ಕೂತು ಎಲ್ಲ ನೋಡುತ್ತಿದ್ದ ಅಪ್ಪ ಕೊನೆಗೆ ಕೇಳಿದರು: "ಅದನ್ನ ಗುಜರಿಗೆ ಹಾಕಬ್ಯಾಡಪಾ. ಶ್ರಾವಣದಾಗ ಅಂಬೋಲಿ ಘಾಟ್ ಹತ್ತಿ ಊರಿಗೆ ಹೋಗೂದಾದ್ರ?"

ಅಂಬೋಲಿಯ ಮಳೆ, ಮಂಜು, ತಂಪು ಎಲ್ಲ ಸೇರಿದರೆ ಆ ಬಿಸಿ ಬೇಕಾಗಲೂಬಹುದು. ಆಫೀಸಿನಲ್ಲಿ ಹಳೆಯ ಕೋಡ್ ತೆಗೆಯುವ ಮುನ್ನ ಅದನ್ನು ಯಾಕೆ ಬರೆದಿದ್ದರೆಂದು ಹುಡುಕಿ ಎಂದು ಹುಡುಗರಿಗೆ ಹೇಳುವವನು ನಾನೇ. ಅಪ್ಪ ಕೇಳಿದ್ದೂ ಅದನ್ನೇ ಎಂದುಕೊಂಡೆ. ರಾತ್ರಿ ಮಲಗಿದಾಗ ಮಾತ್ರ ಆ ಪ್ರಶ್ನೆಯ ಕೊನೆಯ ಭಾಗ ಕಿವಿಗೆ ಬಿತ್ತು. ಈ ಊರಿಗೆ ಬಂದ ಮೇಲೆ ಮರಳುವ ಮಾತನ್ನು ಅವರು ಆಡಿದ್ದು ಅದೇ ಮೊದಲು.

ಸ್ಪೇಸರನ್ನು ತೊಳೆದು, ಎಣ್ಣೆ ಸವರಿ, ಹಳೆಯ ಬನಿಯನ್ನಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟಿದ್ದೇನೆ.