ಮೂರು ರಾಜ್ಯಗಳ ಕಥೆ ಮತ್ತು ನನ್ನ ಅರ್ಧ ಪುಸ್ತಕ

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಇಬ್ಬರು ವಿದ್ಯಾರ್ಥಿಗಳು ಮನೆಗೆ ಬಂದಿದ್ದರು. ಹಳೆ ವಿದ್ಯಾರ್ಥಿ ಎಂಬ ಸಲುಗೆಯಿಂದ ಕೇಳಿದ್ದು, ಇಲ್ಲವೆನ್ನಲಾಗಲಿಲ್ಲ. ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಆದುದರಿಂದ ನಾನು ಓದಿದ ಒಂದು ದೊಡ್ಡ ಪುಸ್ತಕದ ಕುರಿತೂ, ಅದರ ನಿಮಿತ್ತ ಹೇಳಿದ ಒಂದು ಸುಳ್ಳಿನ ಕುರಿತೂ ನಾಲ್ಕು ಮಾತು ಬರೆಯುತ್ತೇನೆ.

1974ರಲ್ಲಿ ನಾನು ಗುಮಾಸ್ತನ ಕೆಲಸ ಹುಡುಕಿಕೊಂಡು ಬೊಂಬಾಯಿಗೆ ಹೋದೆ. ಕೊಂಕಣ ರೈಲು ಆಗ ಕನಸಿನಲ್ಲಿಯೂ ಇರಲಿಲ್ಲ. ಮಂಗಳೂರಿನಿಂದ ಬಸ್ಸಿನಲ್ಲಿ ಮೈಕೈ ನೋಯಿಸಿಕೊಂಡು ಹೋಗಬೇಕಿತ್ತು. ಎರಡು ವರ್ಷ ಕಳೆದ ಮೇಲೆ ಒಂದು ಸಂಜೆ ಫ್ಲೋರಾ ಫೌಂಟನ್ ಬಳಿ ಕಾಲುದಾರಿಯಲ್ಲಿ ಹಳೆ ಪುಸ್ತಕಗಳ ರಾಶಿಯಲ್ಲಿ ಒಂದು ದಪ್ಪ ಪುಸ್ತಕ ಕಣ್ಣಿಗೆ ಬಿತ್ತು. ಚೀನಾದ ‘ಮೂರು ರಾಜ್ಯಗಳ ಕಥೆ’, ಇಂಗ್ಲಿಷಿನಲ್ಲಿ, ಒಂದನೆಯ ಸಂಪುಟ. ಚೌಕಾಸಿ ಮಾಡಿ ಆರು ರೂಪಾಯಿಗೆ ಕೊಂಡೆ. ಎರಡನೆಯದು ಎಲ್ಲಿ ಎಂದು ಕೇಳಿದ್ದಕ್ಕೆ ವ್ಯಾಪಾರಿ ಮುಂದಿನ ವಾರ ಬನ್ನಿ ಎಂದ. ಆ ಮುಂದಿನ ವಾರ ಬರಲು ಹತ್ತು ವರ್ಷ ಹಿಡಿಯಿತು.

ಈ ಅನುವಾದ ಮಾಡಿದವರು ಚೀನಾದ ಸುಂಕ ಇಲಾಖೆಯಲ್ಲಿ ನೌಕರಿಯಲ್ಲಿದ್ದ ಬ್ರೂವಿಟ್ ಟೇಲರ್ ಎಂಬವರು. 1900ರ ಬಾಕ್ಸರ್ ದಂಗೆಯಲ್ಲಿ ಅವರ ಹಸ್ತಪ್ರತಿ ನಾಶವಾಯಿತಂತೆ. ಮತ್ತೆ ಮೊದಲಿನಿಂದ ಬರೆದು 1925ರಲ್ಲಿ ಶಾಂಘೈಯಲ್ಲಿ ಅಚ್ಚು ಹಾಕಿಸಿದರು. ಮನೆಪಾಠದ ಒಂದು ಪುಟ ಎರಡನೆಯ ಸಲ ಬರೆಯಲು ಅಳುವವರು ಇದನ್ನು ನೆನಪಿನಲ್ಲಿಡಬಹುದು.

ಓದಲು ಕುಳಿತರೆ ಮೊದಲ ತೊಡಕು ಹೆಸರುಗಳದ್ದು. ಒಬ್ಬನಿಗೆ ಎರಡೆರಡು ಹೆಸರು. ಲಿಯು ಬೇ ಎಂಬವನೇ ಶ್ವಾನ್‌ದೆ. ಜೂಗ ಲಿಯಾಂಗ್ ಎಂಬವನೇ ಕೊಂಗ್‌ಮಿಂಗ್. ಹುಡುಗ ಪ್ರಾಯಕ್ಕೆ ಬಂದಾಗ ಇನ್ನೊಂದು ಹೆಸರಿಡುವುದು ಆ ಕಾಲದ ಚೀನೀಯರ ಪದ್ಧತಿ. ಸರೀಕರು ಕರೆಯುವುದು ಆ ಹೆಸರಿನಿಂದಲೇ. ಐವತ್ತು ಪುಟ ದಾಟುವಷ್ಟರಲ್ಲಿ ನನಗೆ ತಲೆ ತಿರುಗಿತು. ಆಮೇಲೆ ಹೊಳೆಯಿತು: ಪಾರ್ಥ, ಧನಂಜಯ, ಫಲ್ಗುಣ, ಕಿರೀಟಿ ಎಂದಾಗ ನಾವು ಯಾರಾದರೂ ಗೊಂದಲಕ್ಕೆ ಬಿದ್ದಿದ್ದೇವೆಯೇ? ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಒಂದು ಪಟ್ಟಿ ಮಾಡಿಕೊಂಡೆ. ಅದು ಈಗಲೂ ಇದೆ.

ಕಥೆಯ ಹಿನ್ನೆಲೆ ಇಷ್ಟು. ಸುಮಾರು 400 ವರ್ಷ ಚೀನಾವನ್ನು ಆಳಿದ ಹಾನ್ ವಂಶ ಕ್ಷೀಣಿಸಿತ್ತು. ಕ್ರಿ.ಶ. 184ರಲ್ಲಿ ಹಳದಿ ಮುಂಡಾಸು ಕಟ್ಟಿದ ರೈತರ ದಂಗೆ ಎದ್ದಿತು. ಅದನ್ನು ಅಡಗಿಸಲು ಹೊರಟ ದಳಪತಿಗಳೇ ತಮ್ಮತಮ್ಮೊಳಗೆ ಕಾದಾಡಿ, ಕೊನೆಗೆ ದೇಶ ಮೂರು ಪಾಲಾಯಿತು: ಉತ್ತರದಲ್ಲಿ ತ್ಸಾವೊ ತ್ಸಾವೊ ಕಟ್ಟಿದ ವೇ, ಪಶ್ಚಿಮದಲ್ಲಿ ಲಿಯು ಬೇಯ ಶು, ಆಗ್ನೇಯದಲ್ಲಿ ಸುನ್ ಚುವಾನನ ವು. 280ರಲ್ಲಿ ಮತ್ತೆ ಒಂದಾಗುವವರೆಗಿನ ಸುಮಾರು ನೂರು ವರ್ಷದ ಕಥೆ, 120 ಅಧ್ಯಾಯಗಳಲ್ಲಿ. ಕರ್ತೃ ಲುವೊ ಗ್ವಾನ್‌ಜೋಂಗ್ ಎಂದು ಹೇಳುತ್ತಾರೆ. ಅವನು 14ನೆಯ ಶತಮಾನದವನು. ಅಂದರೆ ಕಥೆ ನಡೆದು ಸಾವಿರ ವರ್ಷ ದಾಟಿತ್ತು. ಆ ಸಾವಿರ ವರ್ಷ ಅದು ಪೇಟೆಬೀದಿಯ ಕಥೆಗಾರರ ಬಾಯಲ್ಲಿ ಬೆಳೆದಿತ್ತು. ಪ್ರತಿ ಅಧ್ಯಾಯವೂ ಯಾರದೋ ಕತ್ತಿನ ಮೇಲೆ ಕತ್ತಿ ಎತ್ತಿರುವಾಗಲೇ ನಿಂತು, ಮುಂದೇನಾಯಿತೆಂದು ಮುಂದಿನದರಲ್ಲಿ ಕೇಳಿರಿ ಎನ್ನುತ್ತದೆ. ಕೇಳಿರಿ ಎಂದಿದೆ, ಓದಿರಿ ಎಂದಿಲ್ಲ.

ಅದಕ್ಕೇ ಇರಬೇಕು, 1977ರ ಬೇಸಗೆ ರಜೆಯಲ್ಲಿ ಊರಿಗೆ ಬಂದಾಗ ಪುಸ್ತಕವನ್ನು ಜೊತೆಗೆ ತಂದೆ. ಅಪ್ಪನಿಗೆ ಆಗಲೇ ದೃಷ್ಟಿ ತೀರ ಮಂದವಾಗಿತ್ತು. ಅಡಿಕೆ ತೋಟದ ದಾರಿ ಕಾಲಿಗೆ ಗೊತ್ತಿತ್ತು. ಅಕ್ಷರ ಮಾತ್ರ ಕಾಣಿಸುತ್ತಿರಲಿಲ್ಲ. ತಾಳಮದ್ದಳೆ ಎಂದರೆ ಅವರಿಗೆ ಪ್ರಾಣ. ಒಂದು ಕಾಲದಲ್ಲಿ ಸಣ್ಣಪುಟ್ಟ ಪಾತ್ರಗಳಿಗೆ ತಾವೇ ಅರ್ಥ ಹೇಳುತ್ತಿದ್ದರು. ರಾತ್ರಿ ಊಟವಾದ ಮೇಲೆ ಚಾವಡಿಯಲ್ಲಿ ಚಿಮಿಣಿ ದೀಪ ಇಟ್ಟುಕೊಂಡು ನಾನು ಓದಿ ಓದಿ ಕನ್ನಡದಲ್ಲಿ ಹೇಳುವುದು, ಅವರು ಎಲೆಯಡಿಕೆ ಹಾಕಿಕೊಂಡು ಕೇಳುವುದು ಎಂದಾಯಿತು. ಒಳಗಿನಿಂದ ಅಮ್ಮನೂ ಕೇಳುತ್ತಿದ್ದಳು. ಕೇಳಿಸಿಕೊಂಡಿಲ್ಲವೆಂಬಂತೆ ಪಾತ್ರೆ ಸದ್ದು ಮಾಡುತ್ತಿದ್ದಳು.

ಚಾಪೆ ನೇಯ್ದು, ಹುಲ್ಲಿನ ಪಾದರಕ್ಷೆ ಮಾರಿ ಬದುಕುತ್ತಿದ್ದ ಲಿಯು ಬೇ. ಒಬ್ಬನನ್ನು ಕೊಂದು ಊರು ಬಿಟ್ಟಿದ್ದ ಗುವಾನ್ ಯು. ಹೆಂಡ ಮಾರಿ ಹಂದಿ ಕಡಿಯುತ್ತಿದ್ದ ಜಾಂಗ್ ಫೇ. ಪೀಚ್ ಹಣ್ಣಿನ ತೋಟದಲ್ಲಿ, ಮರಗಳು ಹೂ ಬಿಟ್ಟಿದ್ದಾಗ, ಈ ಮೂವರು ಅಣ್ಣತಮ್ಮಂದಿರಾಗಿ ಬದುಕುತ್ತೇವೆ, ಸಾಯುವುದಾದರೆ ಒಂದೇ ದಿನ ಸಾಯುತ್ತೇವೆ ಎಂದು ಪ್ರತಿಜ್ಞೆ ಮಾಡುತ್ತಾರೆ. ಅಪ್ಪ ‘ಹೂಂ, ದೊಡ್ಡ ಮಾತು’ ಎಂದರು.

ಮುಂದೆ ಒಂದು ಕಡೆ ತ್ಸಾವೊ ತ್ಸಾವೊ ಲಿಯು ಬೇಯನ್ನು ಊಟಕ್ಕೆ ಕರೆದು, ಈ ಕಾಲದಲ್ಲಿ ವೀರರೆಂದರೆ ನಾವಿಬ್ಬರೇ ಎನ್ನುತ್ತಾನೆ. ತನ್ನ ಮನದ ಆಸೆ ಬಯಲಾಯಿತೇ ಎಂದು ಬೆಚ್ಚಿದ ಲಿಯು ಬೇಯ ಕೈಯಿಂದ ಊಟದ ಕಡ್ಡಿಗಳು ಜಾರಿ ಬೀಳುತ್ತವೆ. ಅದೇ ಹೊತ್ತಿಗೆ ಗುಡುಗು. ಗುಡುಗಿಗೆ ಹೆದರಿದೆ ಎಂದು ಅವನು ತಪ್ಪಿಸಿಕೊಳ್ಳುತ್ತಾನೆ. ಅಪ್ಪ ನಕ್ಕು ನಕ್ಕು ಕೆಮ್ಮಿದರು. ಕಡ್ಡಿಯಲ್ಲಿ ಅನ್ನ ತಿನ್ನುವುದು ಹೇಗೆಂದು ಅರ್ಧ ಗಂಟೆ ಚರ್ಚೆಯಾಯಿತು.

ಅಮ್ಮ ಒಂದೇ ಒಂದು ಸಲ ಹೊರಗೆ ಬಂದಳು. ಸೋತು ಓಡುವ ದಿನ ಲಿಯು ಬೇಯ ಹಸುಗೂಸು ಶತ್ರುಗಳ ನಡುವೆ ಉಳಿದುಬಿಡುತ್ತದೆ. ಜಾವೊ ಯುನ್ ಎಂಬ ಸೇನಾನಿ ಒಬ್ಬನೇ ಹೋಗಿ, ಮಗುವನ್ನು ಎದೆಗವಚಿಕೊಂಡು ಸೇನೆಯನ್ನು ಸೀಳಿ ಬರುತ್ತಾನೆ. ಲಿಯು ಬೇ ಮಗುವನ್ನು ತೆಗೆದುಕೊಂಡವನೇ ನೆಲಕ್ಕೆಸೆದು, ನಿನ್ನಿಂದಾಗಿ ಇಂಥ ವೀರನನ್ನು ಕಳೆದುಕೊಳ್ಳುತ್ತಿದ್ದೆನಲ್ಲ ಎಂದು ಗದರುತ್ತಾನೆ. ‘ಇವನೇನು ಅಪ್ಪನೋ ರಾಕ್ಷಸನೋ!’ ಎಂದು ಅಮ್ಮ ಸೌಟು ಹಿಡಿದೇ ಕೇಳಿದಳು. ಆ ದಿನ ಕಥೆ ಮುಂದೆ ಹೋಗಲಿಲ್ಲ.

ನಾನು ಲಿಯು ಬೇಯ ಪಕ್ಷ. ಮಂಜು ಕವಿದ ನಸುಕಿನಲ್ಲಿ ಹುಲ್ಲಿನ ಕಂತೆ ತುಂಬಿದ ದೋಣಿಗಳನ್ನು ಶತ್ರುವಿನ ಎದುರಿಗೆ ಒಯ್ದು, ಅವರು ಬಿಟ್ಟ ಬಾಣಗಳನ್ನೇ ಒಂದು ಲಕ್ಷ ಸಂಗ್ರಹಿಸಿ ತಂದ ಜೂಗ ಲಿಯಾಂಗನ ಉಪಾಯ ಬಂದಾಗ ಕುಣಿದಾಡಿದ್ದೆ. ತ್ಸಾವೊ ತ್ಸಾವೊ ಬರುವ ಪುಟಗಳನ್ನು ಮಾತ್ರ ಬೇಗ ಬೇಗ ದಾಟಿಸುತ್ತಿದ್ದೆ. ಖಳನಿಗೆ ಅಷ್ಟು ಸಾಕೆಂದು ನನ್ನ ಲೆಕ್ಕ.

ನಾಲ್ಕನೆಯದೋ ಐದನೆಯದೋ ರಾತ್ರಿ ಅಪ್ಪ ತಡೆದರು. ‘ಆ ತ್ಸಾವೊ ತ್ಸಾವೊನಿಗೆ ಅರ್ಥ ಹೇಳುವವರು ಯಾರು?’

ಅವನು ಕೆಟ್ಟವನು, ಅವನಿಗೇನು ಅರ್ಥ ಎಂದೆ.

‘ಕೌರವನಿಗೆ ಒಳ್ಳೆ ಅರ್ಥಧಾರಿ ಸಿಗದಿದ್ದರೆ ಕೃಷ್ಣನಿಗೆ ಅಲ್ಲಿ ಏನು ಕೆಲಸ? ನೀನು ಪುಟ ಮಗುಚುವ ಶಬ್ದ ನನಗೆ ಕೇಳಿಸುತ್ತದೆ. ಬಿಟ್ಟದ್ದನ್ನು ಓದು.’

ಓದಿದೆ. ತನಗೆ ಆಶ್ರಯ ಕೊಟ್ಟ ಮನೆಯವರನ್ನು ಬರೀ ಸಂಶಯದಿಂದ ಕೊಂದು, ತಪ್ಪು ತಿಳಿದ ಮೇಲೆಯೂ ಯಜಮಾನನನ್ನು ಬಿಡದೆ ಕೊಂದವನು ಇವನೇ. ಆದರೆ ಕ್ರಿ.ಶ. 200ರಲ್ಲಿ ಗುವಾನ್‌ದು ಎಂಬಲ್ಲಿ ತನಗಿಂತ ಬಲಿಷ್ಠನಾದ ಯುವಾನ್ ಶಾವೊನನ್ನು ಸೋಲಿಸಿದಾಗ, ಶತ್ರುವಿನ ಪಾಳೆಯದಲ್ಲಿ ತನ್ನದೇ ಅಧಿಕಾರಿಗಳು ಗುಟ್ಟಾಗಿ ಬರೆದ ಪತ್ರಗಳ ಕಟ್ಟು ಸಿಗುತ್ತದೆ. ದ್ರೋಹಿಗಳನ್ನು ಹಿಡಿಯೋಣವೆಂದು ಮಂತ್ರಿಗಳು ಹೇಳಿದರೆ, ಅವನು ಅಷ್ಟನ್ನೂ ಸುಟ್ಟುಹಾಕಿಸುತ್ತಾನೆ: ಅವನು ಅಷ್ಟು ಬಲವಾಗಿದ್ದಾಗ ನನಗೇ ನನ್ನ ಉಳಿವಿನ ಭರವಸೆ ಇರಲಿಲ್ಲ, ಉಳಿದವರಿಗೆ ಎಲ್ಲಿಂದ ಬರಬೇಕು ಎಂದು. ಇದು ಕಥೆಗಾರನ ಕಲ್ಪನೆಯಲ್ಲ, ಹಳೆಯ ಇತಿಹಾಸದಲ್ಲಿಯೂ ಇರುವ ಮಾತು. ಸೆರೆಸಿಕ್ಕಿದ ಗುವಾನ್ ಯುವನ್ನು ಗೌರವದಿಂದ ಇಟ್ಟುಕೊಂಡು, ಅವನು ತನ್ನ ಅಣ್ಣನಿರುವ ಜಾಗ ತಿಳಿದು ಹೊರಟುಹೋದಾಗ ಬೆನ್ನಟ್ಟಬೇಡಿರೆಂದವನೂ ಇವನೇ.

‘ಈಗ ಪಾತ್ರ ಆಯಿತು’ ಎಂದರು ಅಪ್ಪ.

ಆದ್ದರಿಂದಲೇ, 208ರ ಕೆಂಪು ಬಂಡೆಯ ಯುದ್ಧದಲ್ಲಿ ಹಡಗುಗಳೆಲ್ಲ ಸುಟ್ಟು ತ್ಸಾವೊ ತ್ಸಾವೊ ಹರಕು ಸೇನೆಯೊಂದಿಗೆ ಓಡಿಬರುವಾಗ, ಹ್ವಾರೋಂಗ್ ಎಂಬ ಇಕ್ಕಟ್ಟಿನ ದಾರಿಯಲ್ಲಿ ಗುವಾನ್ ಯು ಎದುರಾಗುವ ಪ್ರಸಂಗ ನಮಗೆ ಮೈನವಿರೇಳಿಸಿತು. ಬಿಡುವುದಿಲ್ಲವೆಂದು ತಲೆಯನ್ನೇ ಪಣವಿಟ್ಟು ಬಂದವನು, ಹಳೆಯ ಉಪಕಾರ ನೆನೆದು ಕುದುರೆ ತಿರುಗಿಸಿಕೊಳ್ಳುತ್ತಾನೆ. ನಾನು ಬಿಟ್ಟ ಪುಟಗಳನ್ನು ಓದದೆ ಹೋಗಿದ್ದರೆ ಅದು ಬರೀ ಮೂರ್ಖತನವಾಗಿ ಕಾಣುತ್ತಿತ್ತು. ಅಪ್ಪ ಮರುದಿನವೂ ಅದನ್ನೇ ಓದಿಸಿದರು.

ಲಿಯು ಬೇ ಸೇನೆಯೊಡನೆ ಪಶ್ಚಿಮಕ್ಕೆ ಹೊರಡುವಲ್ಲಿಗೆ, 60ನೆಯ ಅಧ್ಯಾಯಕ್ಕೆ, ನನ್ನ ಸಂಪುಟ ಮುಗಿಯಿತು. ರಜೆಗೆ ಎರಡು ದಿನ ಉಳಿದಿತ್ತು.

‘ಮತ್ತೆ?’ ಎಂದರು ಅಪ್ಪ.

ಪುಸ್ತಕ ಇಷ್ಟೇ ಇರುವುದು ಎನ್ನಬಹುದಿತ್ತು. ಏಕೋ ನಾಚಿಕೆಯಾಯಿತು, ಇಷ್ಟು ದಿನ ಕೂರಿಸಿ ಅರ್ಧಕ್ಕೆ ಎಬ್ಬಿಸುವುದೇ? ಪುಸ್ತಕ ತೆರೆದಿಟ್ಟುಕೊಂಡೇ ಕಥೆ ಕಟ್ಟಿದೆ. ಲಿಯು ಬೇ ಎಲ್ಲರನ್ನೂ ಗೆದ್ದ, ಲುವೊಯಾಂಗ್ ನಗರದಲ್ಲಿ ಹಾನ್ ಸಿಂಹಾಸನ ಏರಿದ, ಮೂವರೂ ಮುದುಕರಾಗುವವರೆಗೆ ಸುಖವಾಗಿದ್ದರು.

‘ಆ ಪ್ರತಿಜ್ಞೆ?’

ಮೂವರೂ ಒಂದೇ ದಿನ ತೀರಿಕೊಂಡರು ಎಂದೆ. ಅಪ್ಪ ‘ಹಾಗೋ’ ಎಂದರು. ಎಲೆಯಡಿಕೆಯ ತಟ್ಟೆಯನ್ನು ಕೈಯಿಂದ ತಡವಿ ಹತ್ತಿರಕ್ಕೆಳೆದುಕೊಂಡರು. ಮತ್ತೇನೂ ಕೇಳಲಿಲ್ಲ.

1983ರಲ್ಲಿ ಅಪ್ಪ ತೀರಿಕೊಂಡರು. ಎರಡನೆಯ ಸಂಪುಟ ಸಿಕ್ಕಿದ್ದು 1986ರಲ್ಲಿ, ಪುಣೆಯ ಒಂದು ಹಳೆ ಪುಸ್ತಕದ ಅಂಗಡಿಯಲ್ಲಿ.

ಅದನ್ನು ಓದಿದ ರಾತ್ರಿಗಳನ್ನು ಮರೆಯಲಾರೆ. ಗುವಾನ್ ಯುವನ್ನು ವು ರಾಜ್ಯದವರು ಹಿಡಿದು ಕೊಲ್ಲುತ್ತಾರೆ. ಅಣ್ಣನ ಶೋಕದಲ್ಲಿ ಜಾಂಗ್ ಫೇ ಮೂರು ದಿನದೊಳಗೆ ಇಡೀ ಸೇನೆಗೆ ಬಿಳಿಯ ಉಡುಗೆ ಆಗಬೇಕೆಂದು ಆಜ್ಞಾಪಿಸಿ, ಆಗದೆಂದ ಅಧಿಕಾರಿಗಳಿಬ್ಬರಿಗೆ ಚಾಟಿ ಹೊಡೆಸಿ, ಅವರಿಂದಲೇ ನಿದ್ದೆಯಲ್ಲಿ ಹತನಾಗುತ್ತಾನೆ. ಲಿಯು ಬೇ ಆಪ್ತರ ಮಾತು ಕೇಳದೆ ಸೇಡಿಗೆ ಹೊರಟು, 222ರಲ್ಲಿ ಬೆಂಕಿಗೆ ಸೇನೆಯನ್ನು ಕಳೆದುಕೊಂಡು, 223ರಲ್ಲಿ ಬೈದಿ ಎಂಬ ಕೋಟೆಯಲ್ಲಿ ಸಾಯುತ್ತಾನೆ. ಒಂದೇ ದಿನವಲ್ಲ, ಆದರೆ ಒಬ್ಬನ ಸಾವು ಇನ್ನೊಬ್ಬನ ಸಾವನ್ನು ಕೈಹಿಡಿದು ಎಳೆದು ತಂದಿತ್ತು. ಅಪ್ಪ ಕೇಳಿದ್ದು ಇದನ್ನೇ. ಜೂಗ ಲಿಯಾಂಗ್ ಮತ್ತೆ ಮತ್ತೆ ಉತ್ತರಕ್ಕೆ ದಂಡೆತ್ತಿ 234ರಲ್ಲಿ ಪಾಳೆಯದಲ್ಲೇ ತೀರಿಕೊಂಡ. ಕೊನೆಗೆ ಗೆದ್ದದ್ದು ಮೂವರಲ್ಲಿ ಯಾರೂ ಅಲ್ಲ. ವೇ ರಾಜ್ಯದ ಸೇನಾನಿಯಾಗಿದ್ದ ಸಿಮಾ ಯಿಯ ಮೊಮ್ಮಗ.

ಇದೆಲ್ಲ ನಿಜವೇ ಎಂದು ಮಕ್ಕಳು ಕೇಳಬಹುದು. ಆ ಕಾಲದಲ್ಲೇ ಬದುಕಿದ್ದ ಚೆನ್ ಶೋ ಎಂಬವನು ಬರೆದ ಇತಿಹಾಸವಿದೆ; ಎಲುಬು ಅಲ್ಲಿಯದು, ಮಾಂಸ ಕಥೆಗಾರರದು. ಗುವಾನ್ ಯು ತೋಳಿನ ಎಲುಬನ್ನು ವೈದ್ಯನಿಂದ ಕೆರೆಸಿಕೊಳ್ಳುತ್ತ ಅಲುಗದೆ ಕುಳಿತದ್ದು ಇತಿಹಾಸದಲ್ಲಿದೆ, ವೈದ್ಯನ ಹೆಸರಿಲ್ಲ. ಕಾದಂಬರಿಯಲ್ಲಿ ಆ ವೈದ್ಯ ಸುಪ್ರಸಿದ್ಧ ಹ್ವಾ ತುವೊ. ಪಾಪ, ಅವನು ಅಷ್ಟರಲ್ಲಿ ಸತ್ತು ಹತ್ತು ವರ್ಷ ದಾಟಿತ್ತು. ಲಕ್ಷ ಬಾಣದ ಕಥೆಯೂ ಜೂಗ ಲಿಯಾಂಗನದಲ್ಲ. ಇನ್ನೊಂದು ಸಂಗತಿ ನನಗೆ ತಿಳಿದದ್ದು ಬಹಳ ತಡವಾಗಿ. ಈ ಕಾದಂಬರಿಯನ್ನು 17ನೆಯ ಶತಮಾನದಲ್ಲಿ ತಿದ್ದಿ, ಟಿಪ್ಪಣಿ ಬರೆದು, ಇಂದು ಎಲ್ಲರೂ ಓದುವ ರೂಪಕ್ಕೆ ತಂದವರು ಒಬ್ಬ ತಂದೆ ಮತ್ತು ಮಗ. ತಂದೆ ಮಾವೊ ಲುನ್‌ಗೆ ಕಣ್ಣು ಹೋಗಿತ್ತು. ಕೆಲಸಕ್ಕೆ ಜೊತೆಯಾದವನು ಮಗ.

ಆ ವರ್ಷ ಊರಿಗೆ ಬಂದಾಗ ಅಮ್ಮನಿಗೆ ಸರಿಯಾದ ಕಥೆ ಹೇಳಿದೆ. ಅವಳು ಮೊದಲು ಕೇಳಿದ್ದು ಆ ಮಗುವನ್ನು. ಅವನೇ ಶು ರಾಜ್ಯದ ಕೊನೆಯ ದೊರೆಯಾದ, 263ರಲ್ಲಿ ಶರಣಾದ, ಶತ್ರುವಿನ ರಾಜಧಾನಿಯಲ್ಲಿ ತನ್ನ ನಾಡಿನ ಸಂಗೀತ ಕೇಳಿ ಜೊತೆಗಾರರು ಅಳುತ್ತಿದ್ದರೆ, ತನಗೆ ಇಲ್ಲೇ ಸುಖವಾಗಿದೆ ಎಂದು ನಗುತ್ತ ಕುಳಿತಿದ್ದ ಎಂದೆ. ‘ಚಿಕ್ಕಂದಿನಲ್ಲಿ ತಲೆಗೆ ಪೆಟ್ಟಾದದ್ದು, ಮತ್ತೇನು!’ ಎಂದಳು.

ಅಪ್ಪನಿಗೆ ಸುಳ್ಳು ಹೇಳಿದ್ದೆ ಎಂದು ಆಮೇಲೆ ಮೆಲ್ಲನೆ ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು. ‘ಅವರಿಗೆ ಗೊತ್ತಿತ್ತು. ನೀನು ಸ್ನಾನಕ್ಕೆ ಹೋದಾಗ ಪಕ್ಕದ ಮನೆಯ ಹುಡುಗನಿಂದ ಹೆಸರು ಓದಿಸಿದ್ದರು. ಒಂದನೆಯ ಭಾಗ ಅಂತ ಬರೆದಿದೆಯಂತೆ. ಮಗ ಉಳಿದದ್ದನ್ನು ತರುವವರೆಗೆ ಇದು ಇರಲಿ ಎಂದರು.’

ತ್ಸಾವೊ ತ್ಸಾವೊ ಸಾಯುವ ಅಧ್ಯಾಯವನ್ನು ಮಾತ್ರ ನಾನು ಅಮ್ಮನಿಗೆ ಒಂದು ಸಾಲೂ ಬಿಡದೆ ಓದಿದೆ. ಉಳಿದಿರುವ ಸುಗಂಧದ್ರವ್ಯವನ್ನು ಅಂತಃಪುರದ ಹೆಂಗಸರಿಗೆ ಹಂಚಿಸಿ, ಹೊಲಿಗೆ ಕಲಿತು ರೇಷ್ಮೆಯ ಪಾದರಕ್ಷೆ ಮಾರಿ ಜೀವನ ಮಾಡಿಕೊಳ್ಳಿರಿ ಎನ್ನುತ್ತಾನೆ. ತನ್ನ ಗೋರಿ ಯಾವುದೆಂದು ಯಾರಿಗೂ ತಿಳಿಯದಂತೆ 72 ಸುಳ್ಳು ಗೋರಿ ಕಟ್ಟಿಸಬೇಕೆನ್ನುತ್ತಾನೆ. ಹೆನಾನ್ ಪ್ರಾಂತದ ಅನ್ಯಾಂಗ್ ಬಳಿ ಅವನ ಗೋರಿ ಸಿಕ್ಕಿತೆಂದು 2009ರಲ್ಲಿ ಪ್ರಕಟಿಸಿದರು. ಅವನ ಬಿರುದು ಕೊರೆದ ಕಲ್ಲಿನ ಫಲಕಗಳೂ ಸುಮಾರು 60 ವರ್ಷದ ಗಂಡಸಿನ ಎಲುಬುಗಳೂ ಸಿಕ್ಕಿದ್ದವು. ಕೆಲವು ವಿದ್ವಾಂಸರು ಆಗಲೂ ಸಂಶಯಪಟ್ಟರು. ಸುದ್ದಿ ಓದಿದ ದಿನ ಚಾವಡಿಯಲ್ಲಿ ಗಟ್ಟಿಯಾಗಿ ಹೇಳಿದೆ. ಮನೆಯಲ್ಲಿ ಯಾರೂ ಇರಲಿಲ್ಲ.

ಎರಡು ಸಂಪುಟಗಳನ್ನೂ ಈ ವರ್ಷ ಶಾಲೆಯ ವಾಚನಾಲಯಕ್ಕೆ ಕೊಟ್ಟಿದ್ದೇನೆ. ಇಂಗ್ಲಿಷು ಸ್ವಲ್ಪ ಹಳೆಯ ಕಾಲದ್ದು, ಹೆಸರುಗಳ ಕಾಗುಣಿತವೂ ಹಳೆಯದು; ಅಧ್ಯಾಪಕರ ನೆರವು ಬೇಕಾದೀತು. ಒಂದನೆಯದರ ಬೆನ್ನು ಕಿತ್ತುಹೋಗಿದ್ದುದನ್ನು ಗೋಂದು ಹಾಕಿ ಅಂಟಿಸಿದ್ದೇನೆ. ಒಯ್ಯುವವರು ದಯವಿಟ್ಟು ಎರಡನ್ನೂ ಒಟ್ಟಿಗೆ ಒಯ್ಯಿರಿ.