ಒಂದು ಪಿಕಪ್ ಸಾಮಾನು

ಬೆಂಗಳೂರಿಗೆ ಬಂದ ಮೇಲೆ ನಾನು ಐದು ಸಲ ಮನೆ ಬದಲಿಸಿದ್ದೇನೆ. ಪ್ರತಿ ಸಲವೂ ನಾಲ್ಕು ಜನ ಗೆಳೆಯರು, ಒಂದು ಟೆಂಪೋ, ಕೊನೆಗೆ ಎಲ್ಲರಿಗೂ ಪರೋಟ. ಹಾಗಾಗಿ ಸಾಮಾನು ಸಾಗಿಸುವುದು ನನಗೆ ಚೆನ್ನಾಗಿ ಗೊತ್ತು ಅಂದುಕೊಂಡಿದ್ದೆ. ದೊಡ್ಡಮ್ಮನ ಮಗಳು ಗಂಡನ ಮನೆ ಬಿಟ್ಟು ಬಂದಾಗ ಅವಳ ಸಾಮಾನು ತರಲು ಹೋದೆ ನೋಡಿ, ಆವತ್ತು ನನ್ನ ಜಂಬ ಇಳಿಯಿತು. (ಅಕ್ಕನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.)

ಅವಳ ಗಂಡನ ಮನೆ ಕಡಬ ತಾಲೂಕಿನಲ್ಲಿ, ಆಲಂಕಾರಿನಿಂದ ಇನ್ನೂ ಒಳಗೆ. ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಮನೆಗಳು ಸಾಲಾಗಿ ಇರುವುದಿಲ್ಲ. ತೋಟದ ನಡುವೆ ಒಂದು ಮನೆ, ಪಕ್ಕದ ಮನೆ ಅಂದರೆ ಗುಡ್ಡದ ಆಚೆ. ಪೇಟೆಯಿಂದ ಬಂದವರು "ಆಹಾ ಎಷ್ಟು ಶಾಂತ" ಅನ್ನುತ್ತಾರೆ. ಕೂಗಿದರೂ ಯಾರಿಗೂ ಕೇಳುವುದಿಲ್ಲ, ಅಷ್ಟು ಶಾಂತ.

ಒಂದು ಮಳೆಗಾಲದಲ್ಲಿ ಬೈಕಿನಲ್ಲಿ ಅಲ್ಲಿಗೆ ಹೋಗಿದ್ದೆ. ಹೊರಡುವಾಗ ಅಕ್ಕ ಪ್ಲಾಸ್ಟಿಕ್ ಚೀಲ ಹಿಡಿದು ಅಂಗಳಕ್ಕೆ ಬಂದಳು.

"ಇದನ್ನು ಅಮ್ಮನ ಹತ್ರ ಕೊಡ್ತೀಯಾ?"

"ಮಳೆ ಅಲ್ವಾ ಅಕ್ಕ, ಒದ್ದೆ ಆಗ್ತದೆ. ಮುಂದಿನ ಸಲ ತಗೊಂಡು ಹೋಗ್ತೇನೆ."

ಅವಳು ಒತ್ತಾಯ ಮಾಡಲಿಲ್ಲ. ಒಳಗೆ ಎಂತ ಇದೆ ಅಂತ ನಾನೂ ಕೇಳಲಿಲ್ಲ.

ಇದ್ದದ್ದು ಅವಳ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಪಾಸ್‌ಬುಕ್ಕು, ಮಗಳ ಜನನ ಪತ್ರ. ಆ "ಮುಂದಿನ ಸಲ" ಬರಲೇ ಇಲ್ಲ. ಚೀಲ ಅವನ ಕೈಗೆ ಸಿಕ್ಕಿ ಬಚ್ಚಲಿನ ಒಲೆ ಸೇರಿತು. ಕೆಲವು ತಿಂಗಳ ನಂತರ ಅಕ್ಕ ಮಗಳನ್ನು ಎತ್ತಿಕೊಂಡು ಉಟ್ಟ ಬಟ್ಟೆಯಲ್ಲೇ ಬಂದಳು.

2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯನ್ನು ಆಮೇಲೆ ಕೂತು ಓದಿದೆ. ನಮ್ಮ ರಾಜ್ಯದಲ್ಲಿ ತಾಲೂಕಿನ ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ. ಹೆಂಗಸು ಸದ್ಯಕ್ಕೆ ಎಲ್ಲಿದ್ದಾಳೋ ಅಲ್ಲಿಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಕಾನೂನು ಸೇವಾ ಸಮಿತಿಯಿಂದ ಹೆಂಗಸರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರು ಸಿಗುತ್ತಾರೆ. ಅದೇ ಮನೆಯಲ್ಲಿ ಉಳಿಯುವ ಹಕ್ಕು 17ನೇ ಕಲಮಿನಲ್ಲಿದೆ, ಅಕ್ಕ ಅದು ಬೇಡ ಅಂದಳು. 19ನೇ ಕಲಮಿನಲ್ಲಿ ಸ್ತ್ರೀಧನ ವಾಪಸ್ ಕೊಡಿಸುವ ಆದೇಶ ಕೇಳಿದೆವು, ಸಿಕ್ಕಿತು.

ಆದರೆ ಕಪಾಟು ಹೊರಲು ಜನ ಬೇಕಲ್ಲ? ಮದುವೆಗೆ ಎರಡು ಬಸ್ಸಿನಲ್ಲಿ ದಿಬ್ಬಣ ಹೋಗಿತ್ತು. ಈಗ ಕೇಳಿದರೆ "ಗಂಡ ಹೆಂಡತಿ ವಿಷಯ, ನಾವು ಯಾಕೆ ನಡುವೆ" ಅಂದರು. ಕೊನೆಗೆ ಹೊರಟದ್ದು ನಾನು, ದೊಡ್ಡಮ್ಮನ ಸ್ವಸಹಾಯ ಸಂಘದ ಇಬ್ಬರು ಅಕ್ಕಂದಿರು, ನಮ್ಮೂರಿನ ಪಿಕಪ್ ಡ್ರೈವರಣ್ಣ. ಜೊತೆಗೆ ಇಬ್ಬರು ಪೊಲೀಸರು. ಮನೆ ಬಿಡುವ ಹೊತ್ತು, ಬಿಟ್ಟ ಮೇಲಿನ ದಿನಗಳು ಇವೇ ಹೆಚ್ಚು ಅಪಾಯದವು, ಒಬ್ಬರೇ ಹೋಗಲೇಬಾರದು.

ಅಕ್ಕ ಪಟ್ಟಿ ಬರೆದು ಕೊಟ್ಟಿದ್ದಳು. ಮೊದಲನೆಯದು ಹೊಲಿಗೆ ಮಿಷನ್ನು. ಆಮೇಲೆ ಕಪಾಟು, ಪಾತ್ರೆಗಳು, ಮಗಳ ಶಾಲೆ ಚೀಲ. ಅವನು ಜಗಲಿಯಲ್ಲಿ ಕೂತು ಮೊಬೈಲು ನೋಡುತ್ತಿದ್ದ. ಯಾರೂ ಮಾತಾಡಲಿಲ್ಲ. ಒಂದು ಗಂಟೆಯೊಳಗೆ ಟರ್ಪಾಲು ಕಟ್ಟಿ ಹೊರಟೆವು. ಶಾಂತಿಮೊಗರು ಸೇತುವೆ ದಾಟಿದ ಮೇಲೆ ಡ್ರೈವರಣ್ಣ ಬಾಯಿ ಬಿಟ್ಟರು: "ಇನ್ನು ಯಾರಿಗಾದ್ರೂ ಹೀಗೆ ಬೇಕಾದ್ರೆ ಹೇಳಿ ಮಾರಾಯ್ರೆ. ಡೀಸೆಲ್ ಹಾಕಿಸಿದ್ರೆ ಸಾಕು."

ಕೆನಡಾದಲ್ಲಿ ಇದಕ್ಕೇ ಒಂದು ಸಂಸ್ಥೆ ಇದೆಯಂತೆ, ಶೆಲ್ಟರ್ ಮೂವರ್ಸ್. 2016ರಲ್ಲಿ ಟೊರಾಂಟೊದಲ್ಲಿ ಶುರುವಾದದ್ದು. ಇಂಥ ಮನೆ ಬಿಡುವವರ ಸಾಮಾನನ್ನು ಸ್ವಯಂಸೇವಕರೇ ಬಂದು ಪುಕ್ಕಟೆ ಸಾಗಿಸುತ್ತಾರೆ. ನಮ್ಮಲ್ಲಿ ಸಂಸ್ಥೆ ಕಟ್ಟುವುದು ದೂರದ ಮಾತು. ಆದರೆ ಒಂದು ಊರಿಗೆ ಒಬ್ಬ ಡ್ರೈವರಣ್ಣ, ಇಬ್ಬರು ಅಕ್ಕಂದಿರು ಸಿಗಲಿಕ್ಕಿಲ್ಲವಾ? 181ಕ್ಕೆ ಫೋನ್ ಮಾಡಿ ದಾರಿ ಕೇಳುವುದನ್ನಂತೂ ನಾವು ಯಾರೂ ಮಾಡಬಹುದು.

ಅಕ್ಕ ಈಗ ಪುತ್ತೂರಿನಲ್ಲಿ ರವಿಕೆ ಹೊಲಿಯುತ್ತಾಳೆ. ಮಾರ್ಕ್ಸ್ ಕಾರ್ಡಿನ ನಕಲಿಗೆ ಶಾಲೆಯ ಮೂಲಕ ಅರ್ಜಿ ಹಾಕಿ, ನಾಲ್ಕು ಸಲ ಅಲೆದು ತಂದದ್ದು ನಾನೇ. ಅವಳು ಆ ಚೀಲದ ವಿಷಯ ಇವತ್ತಿನವರೆಗೂ ಎತ್ತಿಲ್ಲ.

ನಿಮ್ಮ ಹತ್ತಿರ ಯಾರಾದರೂ ಒಂದು ಚೀಲ ಕೊಟ್ಟು "ಇಟ್ಟಿರು" ಅಂದರೆ ದಯವಿಟ್ಟು ಇಟ್ಟುಕೊಳ್ಳಿ. ಮಳೆ ಅನ್ನಬೇಡಿ.